ಇಸ್ರಾರ್ ಒಪ್ಪಿಕೊಂಡ ತಪ್ಪು

೧೪ ಜುಲೈ ೨೦೨೫, ಸೋಮವಾರ. ಪಾಂಡವಪುರ.

ಮೆಕ್ಯಾನಿಕ್ ಇಸ್ರಾರ್‌ನ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ನಮ್ಮ ಯಜಮಾನರ ಇಪ್ಪತ್ತೆರಡು ವರ್ಷ ಹಳೆಯ ಬೈಕಿನ ಎಂಜಿನ್ನಿನಿಂದ ಮತ್ತೆ ಆಯಿಲ್ ಸೋರುತ್ತಿತ್ತು. ಕಳೆದ ತಿಂಗಳಷ್ಟೇ ಅವನು ಆಯಿಲ್ ತಡೆಯುವ ಹೊಸ ರಬ್ಬರ್ ಸೀಲು ಹಾಕಿದ್ದ. ಇಂದು ಸಂಜೆ ನಾವಿಬ್ಬರೂ ಗ್ಯಾರೇಜಿಗೆ ಹೋದಾಗ ಅವನು ಎಂಜಿನ್ ಒರೆಸಿ, ಸೋರುವ ಜಾಗ ಕಾಣಲೆಂದು ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ, ಸ್ಟಾರ್ಟ್ ಮಾಡಿ ನೋಡಿದ. ಸೀಲಿನ ಸುತ್ತ ಪೌಡರ್ ಒದ್ದೆಯಾಯಿತು. ಆಮೇಲೆ ಬೈಕನ್ನು ನೆಟ್ಟಗೆ ನಿಲ್ಲಿಸಿ ಆಯಿಲ್ ಅಳತೆಯ ಕಡ್ಡಿ ತೆಗೆದು ನೋಡಿದ.

“ಅಣ್ಣಾ, ಆಯಿಲ್ ವಿಪರೀತ ಆಗ್ಬುಟ್ಟದೆ. ಅದ್ಕೇ ಸೀಲಿಂದ ಆಚೆಗ್ ಬತ್ತಾದೆ. ಯಾರ್ ಹಾಕುದ್ರು?”

“ನಮ್ಮನೇಲಿ ಯಾರ್ಲಾ ಮುಟ್ತಾರೆ? ನೀನೇ ಸುರ್ದಿದ್ದೀಯ, ಮುದ್ದೆಗೆ ಸಾರು ಬುಟ್ಟಂಗೆ!” ಎಂದರು ಇವರು. ಕಾಯುತ್ತಿದ್ದ ಗಿರಾಕಿಗಳೆಲ್ಲ ನಕ್ಕರು.

ಹಾಕಿದ್ದು ನಾನು. ಇವರ ಮರೆವು ಗೊತ್ತಿದ್ದರಿಂದ ಪ್ರತಿ ಭಾನುವಾರ ನಾನೇ ಕಡ್ಡಿ ನೋಡುತ್ತಿದ್ದೆ, ಅದೂ ಬೈಕು ಸೈಡ್ ಸ್ಟ್ಯಾಂಡಿನಲ್ಲಿ ವಾಲಿ ನಿಂತಿರುವಾಗ. ವಾಲಿದ್ದಕ್ಕೆ ಆಯಿಲ್ ಕಡಿಮೆ ಕಾಣುತ್ತಿತ್ತು, ಸುರಿಯುತ್ತಿದ್ದೆ. ಆಗಲೇ ಹೇಳಬೇಕಿತ್ತು. ಕೈಯಲ್ಲಿದ್ದ ಕವನ ಸಂಕಲನದೊಳಗೆ ತಲೆ ಹುದುಗಿಸಿ ಓದುವವಳಂತೆ ನಟಿಸಿದೆ. ಒಂದು ಸಾಲೂ ಕಾಣಲಿಲ್ಲ.

“ಇರ್ಬೋದು ಅಣ್ಣಾ, ನಂದೇ ತಪ್ಪು,” ಎಂದ ಇಸ್ರಾರ್. ಹೆಚ್ಚಾದದ್ದನ್ನು ಬಸಿದು ಇನ್ನೊಂದು ಸೀಲು ಹಾಕಿಕೊಟ್ಟ.

ಊಟಕ್ಕೆ ಕುಳಿತಾಗ ಇವರಿಗೆ ಹೇಳಿದೆ.

“ಓಗ್ಲಿ ಬುಡು, ಅವನ್ಗೇನ್ ಗೊತ್ತಾಯ್ತದಾ?” ಎಂದು ಮಜ್ಜಿಗೆ ಬಡಿಸಿಕೊಂಡರು.

ಗೊತ್ತಾಗಬೇಕು. ನಾಳೆ ಬೆಳಿಗ್ಗೆ ಬೇಗ ಹೋದರೆ ಗ್ಯಾರೇಜಿನಲ್ಲಿ ಯಾರೂ ಇರುವುದಿಲ್ಲ ಎಂದು ಮನಸ್ಸು ಆಗಲೇ ಹಂಚಿಕೆ ಹಾಕುತ್ತಿದೆ. ಅದಕ್ಕೇ ಹೆಚ್ಚು ನಾಚಿಕೆ. ಸಂಜೆಯೇ ಹೋಗಬೇಕು, ಗಿರಾಕಿಗಳು ತುಂಬಿರುವಾಗ. ಅವರೆದುರೇ ನಿಂತು, “ಇಸ್ರಾರ್, ಆಯಿಲ್ ಸುರಿದದ್ದು ನಾನು, ನಿನ್ನ ತಪ್ಪಲ್ಲ,” ಎನ್ನಬೇಕು.