ಕರಡಿಗೆಯ ಮೇಲೆ ಬೆಲ್ಟು

ಗುಬ್ಬಿ
ಸೋಮವಾರ, 2 ಜೂನ್ 2025

ನನ್ನ ಮುದ್ದು ಅಕ್ಷತಾ,

ಅಮ್ಮನ ಆಶೀರ್ವಾದ. ಹೇಗಿದ್ದೀಯ ಮಗಳೇ? ಸೊಂಟ ನೋವು ಈಗ ಹೇಗಿದೆ? ಆ ಮುದುಕರನ್ನೆಲ್ಲ ಎತ್ತಿ ಕೂರಿಸುವಾಗ ಒಬ್ಬಳೇ ಎತ್ತಬೇಡ ಅಂತ ಎಷ್ಟು ಹೇಳಿದರೂ ನೀನು ಕೇಳುವವಳಲ್ಲ. ಅಂಜನ್‌ಗೆ ಬೇಕರಿಯಲ್ಲಿ ಇನ್ನೂ ರಾತ್ರಿ ಪಾಳಿಯೇನಾ? ಅಳಿಯಂದಿರಿಗೆ ಬಿಸಿ ಊಟ ಸಿಗುತ್ತಿದೆಯೋ ಇಲ್ಲ ತಂಗಳು ಬ್ರೆಡ್ಡೇ ಗತಿಯೋ? ನಾನು ಕೊಟ್ಟು ಬಂದ ರಾಗಿ ಹಿಟ್ಟು ಇಷ್ಟೊತ್ತಿಗೆ ಮುಗಿದಿರಬೇಕು. ಇಲ್ಲಿ ನಿಮ್ಮಪ್ಪ ಚೆನ್ನಾಗಿದ್ದಾರೆ. ಚೆನ್ನಾಗಿದ್ದಾರೆ ಅಂದರೆ ಶುಗರ್ ಮಾತ್ರೆ ಮರೆಯುತ್ತಾರೆ, ಕೇಳಿದರೆ ನುಂಗಿದೆ ಅನ್ನುತ್ತಾರೆ. ನಾನೂ ಆರೋಗ್ಯವಾಗಿದ್ದೇನೆ ಅಂತ ಬರೆಯಬೇಕು. ಆದರೆ ಈ ಕಾಗದವನ್ನು ಸುಳ್ಳಿನಿಂದ ಶುರು ಮಾಡಲು ಮನಸ್ಸು ಬರುತ್ತಿಲ್ಲ. ನನಗೆ ಭಯ ಕಣೇ. ಅನ್ನ ಸೇರುತ್ತಿಲ್ಲ.

ಫೋನಿರುವಾಗ ಇವಳೇನು ಕಾಗದ ಬರೆಯುತ್ತಿದ್ದಾಳೆ ಅಂತ ನಗಬೇಡ. ಮನೆಗಿರುವುದು ಒಂದೇ ಫೋನು, ಅದು ನಿಮ್ಮಪ್ಪನ ಜೇಬಿನಲ್ಲಿ. ಬಸ್ಸಿನ ಇಂಜಿನ್ನು ಕೇಳಿ ಕೇಳಿ ಅವರ ಕಿವಿ ಹೋಗಿದೆ, ಸ್ಪೀಕರ್ ಹಾಕದೆ ಮಾತಿಲ್ಲ. ನಾನು ನಿನ್ನ ಹತ್ತಿರ ಪಿಸುಗುಟ್ಟಿದರೂ ಬೀದಿಗೆಲ್ಲ ಗೊತ್ತು. ಪಕ್ಕದ ಮನೆ ಕರಿಬಸಮ್ಮನ ಮೊಮ್ಮಗಳು ಮಾಲಿನಿ, ನಿಮ್ಮೂರಲ್ಲೇ ಓದುತ್ತಿರುವವಳು, ರಜೆ ಮುಗಿಸಿ ಇವತ್ತು ಹೊರಡುತ್ತಿದ್ದಾಳೆ. ಬುಧವಾರ ಬೆಳಿಗ್ಗೆ ಇದನ್ನು ನಿನ್ನ ಕೈಗೇ ಕೊಡಬೇಕು ಅಂತ ಆಣೆ ಹಾಕಿಸಿಕೊಂಡಿದ್ದೇನೆ. ಬುಧವಾರ ರಜೆ, ಅವತ್ತು ಕೂತು ಆ ದಂಡದ ಆಫೀಸಿನವರಿಗೆ ಎಲ್ಲ ಕಳಿಸುತ್ತೇನೆ ಅಂತ ನೀನೇ ಹೇಳಿದೆಯಲ್ಲ. ಅದಕ್ಕೆ ಮೊದಲು ಇದು ನಿನ್ನ ಕೈ ಸೇರಬೇಕು. ಜೊತೆಗೆ ಒಂದಿಷ್ಟು ಹುರುಳಿ ಚಟ್ನಿಪುಡಿ ಇದೆ. ಏರ್‌ಪೋರ್ಟಿನಲ್ಲಿ ಹಿಡಿದು ಅದೇನು ಪುಡಿ ಅಂತ ಆ ಹುಡುಗಿಯನ್ನು ಕೇಳಿದರೆ ಏನು ಗತಿ ಅಂತ ಅದೊಂದು ಭಯ ಬೇರೆ.

ನಾವು ಅಲ್ಲಿಗೆ ಬಂದಿದ್ದಾಗಿನ ಯುಗಾದಿ ಭಾನುವಾರ ನೆನಪು ಮಾಡಿಕೊ. ಬೆಳಿಗ್ಗೆ ಬೇವಿನ ಎಲೆ ಸಿಗಲಿಲ್ಲ ಅಂತ ನಾನು ಗೊಣಗುತ್ತಿದ್ದೆ. ನೀನು ಯಾವುದೋ ಕಹಿ ಸೊಪ್ಪು ತಂದು ಇದನ್ನೇ ಬೇವು ಅಂದುಕೊಳ್ಳಮ್ಮ ಅಂದೆ. ಹೋಳಿಗೆ ಹೂರಣ ತೆಳ್ಳಗಾಗಿ ಒಲೆಯ ಮೇಲೆಲ್ಲ ಸುರಿದಿತ್ತು. ಇಲ್ಲಿಂದ ಸೀರೆಯಲ್ಲಿ ಸುತ್ತಿ ತಂದಿದ್ದ ಗಾಜಿನ ಬಳೆ ತೊಡಿಸಿದರೆ, ಡ್ಯೂಟಿಗೆ ಹಾಕ್ಕೊಂಡು ಹೋಗಂಗಿಲ್ಲಮ್ಮ, ಇವತ್ತೊಂದಿನ ಹಾಕ್ಕೊತೀನಿ ಅಂದೆ. ಚಳಿ ಅಂತ ಹಬ್ಬದ ದಿನವೂ ಅಂಜನ್‌ನ ಕರೀ ಜಾಕೆಟ್ಟು ಏರಿಸಿಕೊಂಡೆ. ಅವತ್ತೂ ಅದಕ್ಕೊಂದು ಮಾತು ಆಡಿದ್ದೆ ನಾನು. ಆಮೇಲೆ ಹೊರಗೆ ಹೊರಟಾಗ ನೀನು ಕಾರು ಓಡಿಸುತ್ತಿದ್ದೆ, ನಾನು ಪಕ್ಕದಲ್ಲಿ, ನಿಮ್ಮಪ್ಪ ಹಿಂದೆ ಗೊರಕೆ ಹೊಡೆಯುತ್ತಾ. ಜೀವಮಾನವೆಲ್ಲ ಸರ್ಕಾರಿ ಬಸ್ಸು ಓಡಿಸಿದ ಮನುಷ್ಯ ಅಲ್ಲಿಗೆ ಬಂದಾಗಿಂದ ಸ್ಟೇರಿಂಗ್ ಮುಟ್ಟಲಿಲ್ಲ. ಇಲ್ಲಿ ಯಾರೂ ಹಾರನ್ನೇ ಹೊಡೆಯಲ್ವಲ್ಲ, ಪಕ್ಕದಾಗೆ ಯಾರವ್ರೆ ಅಂತ ಹೆಂಗ್ ಗೊತ್ತಾಗದು, ನಂಗೆ ಭಯ ಆಯ್ತದೆ ಅಂತಿದ್ದರು. ಎಷ್ಟು ನಕ್ಕಿದ್ದೆವು ಆವಾಗ.

ನನ್ನ ಬೆಲ್ಟಿನ ಕಥೆ ನಿನಗೆ ಗೊತ್ತೇ ಇದೆ. ಎದೆಯ ಮೇಲೆ ಲಿಂಗದ ಕರಡಿಗೆ. ಮದುವೆಗೆ ನಮ್ಮಪ್ಪ ಮಾಡಿಸಿಕೊಟ್ಟ ದಪ್ಪ ಬೆಳ್ಳಿಯದು. ಬೆಲ್ಟು ಸರಿಯಾಗಿ ಅದರ ಮೇಲೇ ಅಡ್ಡ ಬರುತ್ತಿತ್ತು. ಬ್ರೇಕ್ ಹಾಕಿದಾಗಲೆಲ್ಲ ಕರಡಿಗೆ ಎದೆಗೆ ಒತ್ತುತ್ತಿತ್ತು. ನೋವಿರಲಿ, ಸಹಿಸಬಹುದು. ಲಿಂಗವನ್ನು ಹಗ್ಗ ಹಾಕಿ ಬಿಗಿದ ಹಾಗೆ ಅನ್ನಿಸಿ ಜೀವ ಒಪ್ಪುತ್ತಿರಲಿಲ್ಲ. ಅದಕ್ಕೇ ಬೆಲ್ಟನ್ನು ತೋಳಿನ ಕೆಳಗೆ ಇಳಿಸಿಕೊಂಡೆ. ಅಮ್ಮಾ ಹಂಗೆ ಹಾಕ್ಕೋಬಾರ್ದು, ಮೇಲಕ್ಕೆ ತಗೋ ಅಂತ ನೀನು ಗದರಿದೆ, ತೆಗೆದುಕೊಂಡೆ. ನೀನು ರಸ್ತೆ ನೋಡುತ್ತಿದ್ದ ಹಾಗೆ ಮತ್ತೆ ಇಳಿಸಿದೆ. ನಮ್ಮೂರಲ್ಲಿ ಬೆಲ್ಟು ಅಂದರೇನು ಹೇಳು? ಕ್ಯಾತ್ಸಂದ್ರದ ಟೋಲ್ ಹತ್ತಿರ ಬಂದಾಗ ಎಳೆದುಕೊಂಡು, ದಾಟಿದ ಮೇಲೆ ಬಿಡುವ ವಸ್ತು. ಕಂಬದ ಮೇಲೆ ಕೂತು ಕಾರಿನ ಗಾಜಿನೊಳಗೆ ಇಣುಕಿ, ಪಕ್ಕದಲ್ಲಿ ಕೂತ ಮುದುಕಿಯ ಎದೆ ನೋಡುವ ಕ್ಯಾಮೆರಾ ಇದೆ ಅಂತ ನನಗೆ ಕನಸು ಬಿದ್ದಿತ್ತಾ? ನಾನು ಮಾಡಿದ್ದಕ್ಕೆ ಓಡಿಸುವವಳಿಗೆ ದಂಡ ಅಂತ ಯಾರು ತಾನೇ ಅಂದುಕೊಳ್ಳುತ್ತಾರೆ? ದಂಡ ಕಟ್ಟಿದರೆ ಮುಗಿಯಿತು ಅಂದುಕೊಂಡಿದ್ದೆ. ಹಾಗಲ್ಲಮ್ಮ, ಒಂದೊಂದು ತಪ್ಪಿಗೂ ಇಷ್ಟಿಷ್ಟು ಪಾಯಿಂಟ್ಸು ಅಂತ ಇರುತ್ತೆ, ಹಿಂದಿನದೂ ಸೇರಿ ಈಗ ನನ್ನ ಲೈಸೆನ್ಸೇ ಹೋಗಬಹುದು ಅಂತ ನೀನು ಅಳುತ್ತಾ ಹೇಳಿದ ಮೇಲೇ ನನಗೆ ಗೊತ್ತಾಗಿದ್ದು. ಲೈಸೆನ್ಸಿಲ್ಲದೆ ನೀನು ಆ ಮುದುಕರ ಮನೆಯಿಂದ ಮನೆಗೆ ಹೇಗೆ ಹೋಗುತ್ತೀಯ? ಆ ಕೆಲಸ ಹೋದರೆ ವೀಸಾ ಏನಾಗುತ್ತದೆ? ಅಂಜನ್‌ಗೂ ಅಲ್ಲಿಯ ಲೈಸೆನ್ಸಿಲ್ಲ. ಇಷ್ಟೆಲ್ಲ ನನ್ನ ಒಂದು ತೋಳಿನ ಕೆಳಗಿನಿಂದ ಬಂತಲ್ಲೇ ತಾಯಿ.

ಈಗ ನಿಮ್ಮಣ್ಣ ಸೋಮಶೇಖರನ ವಿಷಯ. ನಿನಗೆ ಅವನು ಹೇಳಿದ್ದು ಎಷ್ಟೋ, ನಾನು ನೋಡಿದ್ದನ್ನು ಬರೆಯುತ್ತೇನೆ. ಶಿರಾ ಗೇಟಿನಲ್ಲಿ ಡ್ರೈವಿಂಗ್ ಸ್ಕೂಲ್ ಇಟ್ಟ ಮೇಲೆ ಕಾನೂನಿಗೆಲ್ಲ ತಾನೇ ಅಪ್ಪ ಅಂದುಕೊಂಡಿದ್ದಾನೆ. ಗುರುವಾರ ಬಂದವನೇ, ಅಲ್ಲಿ ಕ್ಯಾಮೆರಾ ಇದ್ರೆ ಇಲ್ಲಿ ತಲೆ ಇದೆ ಬುಡಮ್ಮ ಅಂದ. ಕಾರು ಓಡಿಸಿದ್ದು ಅಪ್ಪ ಅಂತ ಬರೆದುಕೊಟ್ಟರಾಯಿತಂತೆ. ಅಪ್ಪನ ಲೈಸೆನ್ಸು ಇಲ್ಲಿಯದು, ಅವರ ಪಾಯಿಂಟು ಇಲ್ಲಿಗೆ ಬಂದು ಯಾರನ್ನು ಹಿಡಿಯುತ್ತೆ ಅಂತ ನಗುತ್ತಾನೆ. ದಂಡದ ನೋಟೀಸಿನ ಜೊತೆ ಬಂತು ಅಂತ ನೀನು ಕಳಿಸಿದ್ದ ಆ ಕ್ಯಾಮೆರಾ ಫೋಟೊವನ್ನು ಅಪ್ಪ, ಮಗ ಸೇರಿ ಬಸ್ ಸ್ಟ್ಯಾಂಡಿನ ಚಂದ್ರು ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದು ಊಟದ ಟೇಬಲ್ ಮೇಲೆ ಹರಡಿದರು. ಡ್ರೈವರ್ ಮುಖ ನೆರಳಲ್ಲಿ ಮಸುಕಾಗಿದೆ. ಜಾಕೆಟ್ಟು ಕರಿ, ಅಪ್ಪನೂ ಒಂದೆರಡು ಸಲ ಅದನ್ನು ಹಾಕಿದ್ದರು. ನೋಡಪ್ಪಾ, ನೀನೇ ಅಂತ ನಾನೇ ನಂಬ್ಬುಟ್ಟೆ ಅಂದ ನಿಮ್ಮಣ್ಣ. ನಿಮ್ಮಪ್ಪ ಫೋಟೊ ಹತ್ತಿರಕ್ಕೆ ಎಳೆದುಕೊಂಡು ನೋಡಿದರು. ಆಮೇಲೆ, ನನ್ ಮಗಳ ಕೆಲ್ಸಕ್ಕಿಂತ ಹೆಚ್ಚೇನ್ಲಾ, ಬರಿ ಅಂದರು.

ಶನಿವಾರ ಅದನ್ನೇ ಅಫಿಡವಿಟ್ ಮಾಡಿಸಲು ಕುಣಿಗಲ್‌ಗೆ ಹೋದರು. ಇಲ್ಲಿ ಮಾಡಿಸಿದರೆ ಊರಿಗೆಲ್ಲ ಗೊತ್ತಾಗುತ್ತೆ, ಅಲ್ಲಿ ನಮ್ಮ ನೆಂಟರೇ ಸದಾಶಿವಯ್ಯ ಲಾಯರ್ ಇದ್ದಾರಲ್ಲ. ಅವರು ಒಂದು ಪ್ರಶ್ನೆ ಕೇಳದೆ ಸೀಲು ಒತ್ತಿಸಿಕೊಟ್ಟರಂತೆ. ಅದರ ಫೋಟೊ ನಿನಗೆ ನಿನ್ನೆಯೇ ಬಂದಿದೆ. ಆದರೆ ಅವತ್ತು ಬೆಳಿಗ್ಗೆ ಮನೆಯಲ್ಲಿ ನಡೆದದ್ದು ಆ ಫೋಟೊದಲ್ಲಿ ಇಲ್ಲ. ನಿಮ್ಮಪ್ಪ ಪೂಜೆಗೆ ಕೂತು ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡರು. ದಿನಾ ಕಣ್ಣು ಮುಚ್ಚಿದರೆ ಕಾಫಿ ಆರಿಹೋದರೂ ತೆರೆಯದವರು ಅವತ್ತು ಕಣ್ಣು ಮುಚ್ಚಲೇ ಇಲ್ಲ. ಗೋಡೆ ನೋಡುತ್ತಾ ಕೂತಿದ್ದರು. ಬಿಲ್ವಪತ್ರೆ ಎರಡು ಸಲ ಕೈಯಿಂದ ಬಿತ್ತು. ಎದ್ದು ಬರುವಾಗ ಷೋಕೇಸಿನಲ್ಲಿದ್ದ ಮೆಡಲ್ಲನ್ನು ತಿರುವಿ ಇಟ್ಟು ಹೋದರು. ಅಪಘಾತವಿಲ್ಲದ ಸೇವೆಗೆ ಅಂತ ಡಿಪೋದಲ್ಲಿ ಕೊಟ್ಟರಲ್ಲ, ನೀನು ಚಿಕ್ಕವಳಿದ್ದಾಗ ಅದನ್ನು ಕೊರಳಿಗೆ ಹಾಕಿಕೊಂಡು ಮನೆ ತುಂಬ ಓಡಾಡುತ್ತಿದ್ದೆಯಲ್ಲ, ಅದೇ. ನಾನು ಅದನ್ನು ಮತ್ತೆ ನೇರ ಮಾಡಲಿಲ್ಲ, ಹಾಗೇ ಬಿಟ್ಟಿದ್ದೇನೆ.

ಅವತ್ತಿನಿಂದ ನನ್ನ ಪಾಡು ಕೇಳಬೇಡ. ನಿನ್ನೆ ಸಂಜೆ ಒಬ್ಬ ಪೊಲೀಸಿನವನು ಬೈಕಿನಲ್ಲಿ ಬಂದು ನಮ್ಮ ಗೇಟಿನ ಮುಂದೆಯೇ ನಿಲ್ಲಿಸಿದ. ನನ್ನ ಕೈಯಲ್ಲಿದ್ದ ಮೊರ ಹಾಗೇ ಕೆಳಗೆ ಬಿತ್ತು, ಹುರುಳಿ ಅಂಗಳದ ತುಂಬ. ಯಾರೂ ಮನೇಲಿಲ್ಲ ಅಂತ ಅವನು ಕೇಳುವುದಕ್ಕೆ ಮೊದಲೇ ಕೂಗಿದೆ. ನೀವೇ ಇದೀರಲ್ಲಮ್ಮ ಅಂದ. ನೋಡಿದರೆ ಯಾರದೋ ಪಾಸ್‌ಪೋರ್ಟ್ ವಿಚಾರಣೆಗೆ ವಿಳಾಸ ಹುಡುಕುತ್ತಿದ್ದನಂತೆ. ಅವನು ಹೋದ ಮೇಲೆ ಬಚ್ಚಲು ಮನೆಯಲ್ಲಿ ಚಿಲಕ ಹಾಕಿಕೊಂಡು ಕೂತೆ. ಲೈಸೆನ್ಸ್ ಹೋದರೆ ಕೆಲವು ತಿಂಗಳು ಕಷ್ಟ. ಈ ಸುಳ್ಳು ಹೊರಬಿದ್ದರೆ ಏನಾಗುತ್ತದೆ ಅಂತ ಯಾರಾದರೂ ಯೋಚಿಸಿದ್ದೀರಾ? ಅಂಥ ದೇಶದಲ್ಲಿ ನಿನ್ನನ್ನು ಒಂದು ಕೋಣೆಯಲ್ಲಿ ಕೂರಿಸಿ ಪ್ರಶ್ನೆ ಕೇಳಿದರೆ ಪಕ್ಕದಲ್ಲಿ ಯಾರಿರುತ್ತಾರೆ? ನಿಮ್ಮಣ್ಣ ಶಿರಾ ಗೇಟಿನಲ್ಲಿ ಕ್ಲಚ್ಚು ಬ್ರೇಕು ಕಲಿಸುತ್ತಾ ಇರುತ್ತಾನೆ, ಅಷ್ಟೆ.

ನನಗೆ ಇದಕ್ಕಿಂತ ಭಯ ಆಗಿದ್ದು ಇನ್ನೊಂದಕ್ಕೆ. ಬೈಯುತ್ತೀಯ, ಬೈದುಕೊ. ಸೋಮು ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಆ ಕಡೆ ನೀನು ಸುಮ್ಮನಿದ್ದೆ. ಬೇಡ ಅನ್ನಲಿಲ್ಲ. ಬುಧವಾರ ಮಾಡ್ತೀನಿ ಅಂದೆ. ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು ತಪ್ಪಾಗಿ ಹೆಚ್ಚು ನಂಬರ್ ಹಾಕಿದರೆಂದು ವಾಪಸ್ ಹೋಗಿ ಕಳೆಸಿಕೊಂಡು ಬಂದ ಹುಡುಗಿ ನೀನು. ಅವತ್ತು ನಾನು ದಡ್ಡಿ ಅಂತ ಬೈದಿದ್ದೆ. ಆ ದಡ್ಡಿ ಈಗ ಎಲ್ಲಿ ಹೋದಳು ಅಕ್ಷತಾ? ಸುಸ್ತಾಗಿದ್ದೀಯ, ಗೊತ್ತು. ಯಾರಾದರೂ ಈ ಭಾರ ಇಳಿಸಿದರೆ ಸಾಕು ಅನ್ನಿಸಿದೆ, ಅದೂ ಗೊತ್ತು. ನಿನ್ನ ಜಾಗದಲ್ಲಿ ನಾನಿದ್ದರೂ ಸುಮ್ಮನಿರುತ್ತಿದ್ದೆನೋ ಏನೋ.

ಈ ಕಾಗದದ ಜೊತೆ ಇನ್ನೊಂದು ಹಾಳೆ ಮಡಿಸಿ ಇಟ್ಟಿದ್ದೇನೆ. ನಾನೇ ಕನ್ನಡದಲ್ಲಿ ಬರೆದು ಸಹಿ ಮಾಡಿದ್ದೇನೆ, ನೀನು ಇಂಗ್ಲಿಷಿಗೆ ಮಾಡಿಸಿಕೊ. ಕಾರು ಓಡಿಸಿದ್ದು ನನ್ನ ಮಗಳು, ಬೆಲ್ಟು ಸರಿಯಾಗಿ ಹಾಕಿಕೊ ಅಂತ ಹೇಳಿದ್ದೂ ಅವಳೇ, ಕೇಳದೆ ಇಳಿಸಿದವಳು ನಾನು, ಕಾರಣ ನನ್ನ ಕರಡಿಗೆ ಅಂತ ಬರೆದಿದ್ದೇನೆ. ಅವರಿಗೆ ಕರಡಿಗೆ ಅಂದರೇನು ಅಂತ ಅರ್ಥವಾಗುತ್ತೋ ಇಲ್ಲವೋ, ನೀನು ತಿಳಿಸಿ ಹೇಳು. ಕನಿಕರ ತೋರಿಸಿದರೆ ಶಿವನ ದಯೆ. ತೋರಿಸದಿದ್ದರೆ ನಿನ್ನ ಆಫೀಸಿನ ಮೇಡಂ ಹತ್ತಿರ ಇದ್ದದ್ದನ್ನು ಇದ್ದ ಹಾಗೆ ಹೇಳು. ನಡೆದು ಹೋಗುವಷ್ಟು ಹತ್ತಿರದ ಮನೆಗಳನ್ನೇ ಕೊಡಿ ಅಂತ ಕೇಳು, ಬಸ್ಸಿನಲ್ಲಿ ಹೋಗು. ಅದೂ ಆಗದಿದ್ದರೆ ವಾಪಸ್ ಬಾ, ಇದು ನಿನ್ನ ಮನೆ. ಯಾರಾದರೂ ಒಂದು ಮಾತು ಆಡಿದರೆ ನಾನಿದ್ದೇನೆ. ನಿಮ್ಮಪ್ಪ ಕುಣಿಗಲ್‌ನಲ್ಲಿ ಸಹಿ ಮಾಡಿದ ಕಾಗದ ನಿನ್ನ ಹತ್ತಿರ ಇದೆ, ನನ್ನದೂ ಇದೆ. ಯಾವುದನ್ನು ಕಳಿಸುತ್ತೀಯೋ ನೀನೇ ನೋಡು. ನಾನು ಕಾಗದ ಕೊಟ್ಟಿದ್ದೇನೆ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾದ ದಿನ ಮನೆಯಲ್ಲಿ ಏನು ನಡೆಯುತ್ತೋ, ಅದನ್ನು ನಾನು ನೋಡಿಕೊಳ್ಳುತ್ತೇನೆ.

ಅಂಜನ್‌ಗೆ ಆಶೀರ್ವಾದ ತಿಳಿಸು. ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೊ, ಹೊತ್ತಿಗೆ ಸರಿಯಾಗಿ ಉಣ್ಣು. ಶಿವ ನಿನ್ನ ಬೆನ್ನ ಹಿಂದೆ ಇರಲಿ ಮಗಳೇ.

ಇಂತಿ ನಿನ್ನ ಅಮ್ಮ,
ಶಕುಂತಲಮ್ಮ

ಸಹಿ ಹಾಕಿದ ಮೇಲೆ ಬರೆದದ್ದು: ಮಾಲಿನಿಯ ಕಾರು ಬಂದು ನಿಂತಿದೆ, ಹಾರನ್ ಹೊಡೆಯುತ್ತಿದ್ದಾರೆ. ಇದನ್ನು ಬರೆಯಲೇಬಾರದು ಅಂದುಕೊಂಡಿದ್ದೆ. ಆ ಫೋಟೊ ತೆಗೆದು ಇನ್ನೊಂದು ಸಲ ದೊಡ್ಡದು ಮಾಡಿ ನೋಡು. ನನ್ನನ್ನಲ್ಲ, ಸ್ಟೇರಿಂಗ್ ಹಿಡಿದ ಕೈ ನೋಡು. ಜಾಕೆಟ್ ತೋಳಿನ ತುದಿಯಲ್ಲಿ ಯುಗಾದಿ ಬಳೆ ಹಸಿರಾಗಿ ಕಾಣುತ್ತಿದೆ. ಅಪ್ಪ, ಮಗ ಇಬ್ಬರೂ ಮುಖ ಹುಡುಕುತ್ತಾ ಕೂತಿದ್ದರು, ಕೈ ನೋಡಲೇ ಇಲ್ಲ. ನಾನು ಬಾಯಿ ಬಿಡಲಿಲ್ಲ, ಬಿಟ್ಟರೆ ಸೋಮು ಇನ್ನೊಂದು ಸುಳ್ಳು ಹುಡುಕುತ್ತಾನೆ. ನಿನಗೂ ಹೇಳಬಾರದು, ಸಿಕ್ಕಿಬೀಳುವ ಭಯಕ್ಕಲ್ಲದೆ ನೀನಾಗಿಯೇ ಬೇಡ ಅನ್ನಲಿ ಅಂತ ಆಸೆ ಇತ್ತು. ಆದರೆ ನೀನು ಅಪ್ಪನ ಕಾಗದವನ್ನೇ ಕಳಿಸಿಬಿಟ್ಟರೆ? ಆಸೆ ಇಟ್ಟುಕೊಂಡು ಕಾಯುವಷ್ಟು ಧೈರ್ಯ ನನಗಿಲ್ಲ ಕಣೇ. ಬಳೆ ಇನ್ನೂ ಒಡೆಯದೆ ಇದ್ದರೆ, ಬುಧವಾರ ತೊಟ್ಟುಕೊಂಡು ಕೂತು ಬರಿ.