ಎಡಗಿವಿಯ ಹಿಂದಿನ ಉಸಿರು

ರೀ,

ಕೋಪ ಮಾಡಿಕೊಳ್ಳಬೇಡಿ, ಪೂರ್ತಿ ಓದಿ. ನಿಮ್ಮನ್ನು ನನ್ನ ತಲೆಯಿಂದ ಹೊರಗೆ ಹಾಕಿಸಿದೆನೋ, ಇನ್ನೂ ಒಳಗೇ ಇಟ್ಟುಕೊಂಡಿದ್ದೇನೋ, ನನಗೇ ಗೊತ್ತಾಗುತ್ತಿಲ್ಲ.

ನೀವು ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ ಶುರುವಾಯಿತು. ಹಾಸಿಗೆ ಹಿಡಿದ ನಿಮ್ಮ ಅಮ್ಮನನ್ನು ದಿನಾ ಬೆಳಿಗ್ಗೆ ಎತ್ತಿ ಕುರ್ಚಿಯಲ್ಲಿ ಕೂರಿಸುತ್ತೇನಲ್ಲ, ಆಗ ಅವರು ನನ್ನ ಕುತ್ತಿಗೆಗೆ ಎರಡೂ ಕೈ ಹಾಕಿ ಜೋತುಬೀಳುತ್ತಾರೆ. ಅವರ ಕಿವಿ ನನ್ನ ಎಡಗಿವಿಗೆ ಒತ್ತಿಕೊಳ್ಳುತ್ತದೆ. ಒಂದು ದಿನ ಹಾಗೆ ಜೋತುಬಿದ್ದವರು ಕೈ ಬಿಡಲೇ ಇಲ್ಲ. “ಅಲ್ಲಾಡಬೇಡ ಕಣೇ. ಇಲ್ಲಿದಾನೆ. ಉಸಿರು ಎಳೀತಿದಾನೆ, ಕೇಳು,” ಅಂದರು. ಏನು ಕೇಳಲಿ ನಾನು! ಚಿಕ್ಕಂದಿನ ಜ್ವರದಲ್ಲಿ ಹೋದ ಕಿವಿ ಅದು. ಅತ್ತೆಗೆ ಅರಳುಮರಳು ಅಂದುಕೊಂಡೆ.

ಆದರೆ ಅವರು ಹೇಳಿದ ಜಾಗ ನಿಮ್ಮದೇ. ನಿಮ್ಮ ಉಬ್ಬಸ ನನ್ನ ನಿದ್ದೆ ಕೆಡಿಸದಿರಲೆಂದು ಮದುವೆಯಾದಾಗಿನಿಂದ ನನ್ನ ಎಡಕ್ಕೇ ಮಲಗಿದವರು ನೀವು. “ಕಿವುಡಿಯನ್ನ ಕಟ್ಕೊಂಡಿದ್ದಕ್ಕೆ ಇದೊಂದು ಲಾಭ,” ಎಂದು ರೇಗಿಸುತ್ತಿದ್ದಿರಿ. ಕೊನೆಯ ರಾತ್ರಿ ಉಸಿರು ಸಿಗದೆ ಎಷ್ಟು ಒದ್ದಾಡಿದಿರೋ, ಆ ಕಿವಿಗೆ ಅದೂ ಬೀಳಲಿಲ್ಲ. ಬೆಳಿಗ್ಗೆ ಮುಟ್ಟಿದಾಗ ತಣ್ಣಗಿದ್ದಿರಿ. ಆ ರಾತ್ರಿ ನಿನಗೇಕೆ ಎಚ್ಚರವಾಗಲಿಲ್ಲ ಎಂದು ಅತ್ತೆ ಇವತ್ತಿನವರೆಗೆ ಒಂದು ಮಾತೂ ಕೇಳಿಲ್ಲ.

ಆಮೇಲೆ ತಲೆನೋವು ಹತ್ತಿಕೊಂಡಿತು. ದಾರ ಪೋಣಿಸಲು ಹೋದರೆ ಸೂಜಿ ಎರಡೆರಡು ಕಾಣುತ್ತಿತ್ತು. ಹೊಲಿಗೆಯವಳಿಗೆ ಕಣ್ಣೇ ಹೋದರೆ ಇನ್ನೇನು ಉಳಿಯಿತು? ಡಾಕ್ಟರ ಹತ್ತಿರ ಹೋದೆ. ಮಾತಿನ ನಡುವೆ ಅತ್ತೆಯ ಕಥೆ ಹೇಳಿ ನಕ್ಕೆ. ಅವರು ನಗಲಿಲ್ಲ. ಸ್ಟೆತಸ್ಕೋಪನ್ನು ನನ್ನ ಎಡಗಿವಿಯ ಹಿಂದೆ ಒತ್ತಿ ಕಣ್ಣು ಮುಚ್ಚಿದರು. “ನಿಮ್ಮತ್ತೆ ಸರಿಯಾಗೇ ಹೇಳಿದಾರಮ್ಮ. ಸದ್ದಿದೆ,” ಅಂದರು.

ಸ್ಟೆತಸ್ಕೋಪಿನ ತುದಿಯನ್ನು ನನ್ನ ಬಲಗಿವಿಗೆ ಇಟ್ಟು ನನಗೂ ಕೇಳಿಸಿದರು. ಹುಶ್ಶ್, ಹುಶ್ಶ್, ಹುಶ್ಶ್. ಯಾರೋ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿರುವ ಹಾಗೆ. ನೀವೇ ಇರಬಹುದೇ? ನಿಮ್ಮ ರಾತ್ರಿಯ ಉಬ್ಬಸವನ್ನು ನಾನು ಕೇಳಿದ್ದರೆ ತಾನೇ ಗುರುತು ಹತ್ತುವುದು!

ನರಕ್ಕೆ ಔಷಧಿ ಬಿಟ್ಟು ತಲೆಯ ಚಿತ್ರ ತೆಗೆದರು. ಮೆದುಳಿನ ಹೊದಿಕೆಯಲ್ಲಿ ಅಪಧಮನಿಯೊಂದು ನೇರವಾಗಿ ಅಭಿಧಮನಿಗೆ ಸೇರಿಕೊಂಡುಬಿಟ್ಟಿದೆಯಂತೆ. ಇರಬಾರದ ಜೋಡಣೆ. ರಕ್ತ ಅಲ್ಲಿ ನುಗ್ಗುವ ಸದ್ದಂತೆ ಅದು. “ಯಾವತ್ತು ಒಡೆಯುತ್ತೋ ಹೇಳಕ್ಕಾಗಲ್ಲ. ಒಡೆದ್ರೆ ನೀವು ಉಳಿಯೋದು ಕಷ್ಟ. ಮುಚ್ಚಿಬಿಡೋಣ,” ಅಂದರು ಡಾಕ್ಟರು. ತೊಡೆಯ ಸಂದಿನಿಂದ ದಾರದಂಥ ನಳಿಕೆ ತೂರಿಸಿ, ತಲೆಯವರೆಗೂ ಒಯ್ದು, ಆ ಜಾಗಕ್ಕೆ ಅಂಟು ಬಿಡುತ್ತಾರೆ.

ಅತ್ತೆ ಊಟ ಬಿಟ್ಟರು. “ಒಂದ್ಸಲ ಹೋದ. ಇನ್ನೊಂದ್ಸಲ ನೀನೇ ಉಸಿರು ಕಟ್ಟಿಸ್ತೀಯಾ?” ಅಂದರು. ನನಗೆ ರೇಗಿತು. “ನಾನು ಸತ್ರೆ ನಿಮ್ಮನ್ನ ಎತ್ತಿ ಕೂರಿಸೋರು ಯಾರು?” ಎಂದು ಕೂಗಿಬಿಟ್ಟೆ. ಕೂಗಿದ್ದೇನೋ ಸರಿ, ಆದರೆ ಮೇಜಿನ ಮೇಲೆ ಅರಿವಳಿಕೆ ಏರುವಾಗ ಬೇಡಿಕೊಂಡದ್ದು ನಿಮ್ಮನ್ನೇ. ಅದು ನೀವಾಗಿದ್ದರೆ ಈಗಲೇ ಎದ್ದು ಹೋಗಿ, ನನಗೆ ಬದುಕಬೇಕು ರೀ, ಎಂದು.

ದಾರಿ ಪೂರ್ತಿ ಮುಚ್ಚಿದೆ ಎಂದು ಡಾಕ್ಟರು ಚಿತ್ರ ತೋರಿಸಿದರು. ಸ್ಟೆತಸ್ಕೋಪಿಗೂ ಏನೂ ಸಿಗಲಿಲ್ಲ. ಚೇತರಿಸಿಕೊಂಡ ಮೇಲೆ ಅತ್ತೆಯನ್ನು ಎತ್ತಲು ಬಗ್ಗಿದೆ. ಅವರು ಕಿವಿ ಒತ್ತಿ ಕೇಳಿದರು, ಕೇಳುತ್ತಲೇ ಇದ್ದರು. ಅಳುತ್ತಾರೆಂದುಕೊಂಡೆ, ನಕ್ಕರು. “ಪಾಪ, ಈಗ ನಿದ್ದೆ ಹತ್ತಿತು ನೋಡು ಅವನಿಗೆ. ಉಬ್ಬಸ ಇಳಿದಿದೆ.”

ಅಂದಿನಿಂದ ಅತ್ತೆಯದು ಬರೀ ಪಿಸುಮಾತು. ಪಾತ್ರೆ ಸದ್ದಾದರೆ ತುಟಿಯ ಮೇಲೆ ಬೆರಳಿಡುತ್ತಾರೆ. ಇದೆಂಥ ಹುಚ್ಚು ಎಂದುಕೊಂಡಿದ್ದೆ. ನಿನ್ನೆ ಗಮನಿಸಿದರೆ, ನಾನೂ ಹೊಲಿಗೆ ಮಿಶಿನ್ನನ್ನು ಮೆಲ್ಲಗೆ ತುಳಿಯುತ್ತಿದ್ದೇನೆ. ಕೆಲವರಲ್ಲಿ ಇದು ಮತ್ತೆ ತೆರೆದುಕೊಳ್ಳುವುದುಂಟು, ಆಗಾಗ ಬಂದು ತೋರಿಸಿ ಎಂದಿದ್ದಾರೆ ಡಾಕ್ಟರು. ಅದಕ್ಕೇ ಈ ಪತ್ರವನ್ನು ಗಟ್ಟಿಯಾಗಿ ಓದಲಿಲ್ಲ.

ಹಾಯಾಗಿ ಮಲಗಿರಿ. ನನ್ನ ಮೇಲೆ ಪ್ರೀತಿಯಿದ್ದರೆ ಏಳಬೇಡಿ.

ಇಂತಿ,
ಬದುಕಿರುವ ನಿಮ್ಮವಳು