ಎರ್ರಗಡ್ಡದಲ್ಲಿ ಸಿಕ್ಕ ಪರಾತ

ಮೂಸಾಪೇಟೆ, ಹೈದರಾಬಾದ್
೨೧ ಸೆಪ್ಟೆಂಬರ್ ೨೦೨೪, ಶನಿವಾರ

ಲಹರಿಯ ಅಪ್ಪನಿಗೆ ರೇಣುಕಾಳ ನಮಸ್ಕಾರ.

ಹೇಗಿದ್ದೀರಿ? ಹೋದ ಸಲ ಫೋನಿನಲ್ಲಿ ಮಾತಾಡುವಾಗ ಕೆಮ್ಮುತ್ತಿದ್ದಿರಿ. ಸೈಟಿನ ಬೂದಿ ಎಂದಿರಿ, ನಾನೂ ನಂಬಿದೆ. ಆದರೂ ಶುಂಠಿ-ಮೆಣಸಿನ ಪುಡಿ ಕುಟ್ಟಿ ಲಿಂಗಣ್ಣನವರ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರು ರಜೆ ಮುಗಿಸಿ ನಾಳೆ ನಿಮ್ಮಲ್ಲಿಗೆ ವಾಪಸು ಹೊರಡುತ್ತಾರೆ, ಈ ಕಾಗದವೂ ಅವರ ಚೀಲದಲ್ಲೇ ಬರುತ್ತದೆ. ಪುಡಿಯನ್ನು ಬಿಸಿನೀರಿಗೆ ಹಾಕಿಕೊಂಡು ಕುಡಿಯಿರಿ, ಡಬ್ಬಿ ಮಾತ್ರ ಕಳೆಯಬೇಡಿ. ಅದರ ಮುಚ್ಚಳ ನಮ್ಮ ಸಕ್ಕರೆ ಡಬ್ಬಿಗೂ ಸರಿಹೊಂದುತ್ತದೆ. ನಾವಿಬ್ಬರೂ ಆರಾಮ. ಲಹರಿಗೆ ನೆಗಡಿಯಾಗಿತ್ತು, ತಾನಾಗಿಯೇ ಹೋಯಿತು.

ಮೊದಲು ಮನೆಯ ಸುದ್ದಿ. ನಾರಾಯಣಗೂಡದಲ್ಲಿ ಲಹರಿಯ ಕಾಲೇಜಿನ ಹಿಂದಿನ ಬೀದಿಯಲ್ಲಿ ಒಂದು ಕೋಚಿಂಗ್ ಸೆಂಟರ್ ಮುಚ್ಚಿತು. ಸಾಮಾನನ್ನೆಲ್ಲ ಫುಟ್‌ಪಾತಿಗೆ ತಂದಿಟ್ಟು ಮಾರುತ್ತಿದ್ದರು. ಅವಳು ಫೋನ್ ಮಾಡಿದಳು, ನಾನು ಹೋಗಿ ಒಂದು ಬೆಂಚೂ ಡೆಸ್ಕೂ ಸೇರಿಸಿ ಕೊಂಡೆ. ಸಾಗವಾನಿ ಅಲ್ಲ, ಆದರೆ ಗೆದ್ದಲು ಹಿಡಿಯದ ಗಟ್ಟಿ ಮರ. ಡೆಸ್ಕಿನ ಮೇಲೆ ಯಾರೋ ಕೈವಾರದ ಮುಳ್ಳಿನಿಂದ ಭೌತಶಾಸ್ತ್ರದ ಸೂತ್ರಗಳನ್ನು ಕೊರೆದಿದ್ದಾರೆ. ಉಜ್ಜಿ ತೆಗೆಸೋಣ ಎಂದರೆ ಲಹರಿ ಬಿಡಲಿಲ್ಲ, ಅವೆಲ್ಲ ಈ ವರ್ಷದ ಪರೀಕ್ಷೆಗೆ ಬರುತ್ತವಂತೆ. ಕುಕ್ಕರಿನ ಹಿಡಿ ಮುರಿದಿತ್ತು. ಹೊಸ ಕುಕ್ಕರ್ ತೆಗೆದುಕೋ ಎಂದು ನೀವು ಹೇಳಿದ್ದಿರಿ, ನಾನು ಹಿಡಿಯನ್ನಷ್ಟೇ ತಂದೆ. ನನ್ನ ಎರಡು ಹಳೆಯ ವಾಯಿಲ್ ಸೀರೆಗಳು ಈಗ ಕಿಟಕಿಯ ಪರದೆಗಳಾಗಿವೆ, ಮಧ್ಯಾಹ್ನದ ಬಿಸಿಲು ಹಸಿರಾಗಿ ಒಳಗೆ ಬೀಳುತ್ತದೆ. ರೈತುಬಜಾರಿಗೆ ಈಗ ಬಾಗಿಲು ಹಾಕುವ ಹೊತ್ತಿಗೇ ಹೋಗುತ್ತೇನೆ. ಸೊಪ್ಪಿನವರು ಬುಟ್ಟಿಯನ್ನು ಮನೆಗೆ ಹೊತ್ತುಕೊಂಡು ಹೋಗಲು ಬೇಸರಪಟ್ಟು, ನಾನು ಕೇಳುವ ಮೊದಲೇ ಇನ್ನೊಂದು ಕಟ್ಟು ಹಾಕುತ್ತಾರೆ. ನೀವಿದ್ದಾಗ ನನ್ನ ಹಿಂದೆ ನಿಂತು ಗಡಿಯಾರ ನೋಡುತ್ತಿದ್ದಿರಿ. ಅದೊಂದು ಇಲ್ಲದ್ದಕ್ಕೆ ಚೌಕಾಶಿ ಸ್ವಲ್ಪ ಸಲೀಸಾಗಿದೆ.

ಇನ್ನು ಹೇಳಬೇಕಾದ ವಿಷಯ. ಹೋದ ತಿಂಗಳ ಒಂದು ಭಾನುವಾರ ಎರ್ರಗಡ್ಡದ ಸಂಡೆ ಬಜಾರಿಗೆ ಹೋಗಿದ್ದೆ. ಮಿಕ್ಸಿ ಜಾರಿನ ಮುಚ್ಚಳ ಹುಡುಕುತ್ತಿದ್ದೆ, ಸಿಗಲಿಲ್ಲ. ಒಬ್ಬ ಮುದುಕಪ್ಪ ನಲ್ಲಿಗಳು, ಚಾರ್ಜರುಗಳು, ನಿಂತುಹೋದ ಗಡಿಯಾರಗಳನ್ನು ತಾಡಪಾಲಿನ ಮೇಲೆ ಹರವಿಕೊಂಡು ಕೂತಿದ್ದ. ಅವುಗಳ ನಡುವೆ ಹಿತ್ತಾಳೆಯ ದೊಡ್ಡ ಪರಾತ ಒಂದಿತ್ತು, ನಮ್ಮ ಕಡೆ ರೊಟ್ಟಿಯ ಹಿಟ್ಟು ನಾದಲು ಇಟ್ಟುಕೊಳ್ಳುವಂಥದು. ಹುಣಸೆಹಣ್ಣು ಕಾಣದೆ ಕಪ್ಪಾಗಿತ್ತು. ಕೈಯಲ್ಲಿ ಎತ್ತಿ ತೂಕ ನೋಡಿದೆ, ಬೇಡವೆನ್ನುವ ಮುಖ ಮಾಡಿದೆ, ಅವನು ಹೇಳಿದ್ದರ ಅರ್ಧಕ್ಕೆ ಕೇಳಿ ಮುಂದೆ ಹೊರಟೆ. ಅವನು "ಅರೇ ಅಮ್ಮಾ, ಸುನೋ ತೋ" ಎಂದು ಕರೆದ. ತಿರುಗಿ ಬಂದು, ಬೆಸುಗೆ ಹಾಕಿದ್ದೇನಾದರೂ ಇದೆಯೋ ನೋಡೋಣವೆಂದು ಪರಾತವನ್ನು ಬೋರಲು ಹಾಕಿದೆ. ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಕನ್ನಡ ಅಕ್ಷರಗಳಿದ್ದವು: ಚಿ. ನೇತ್ರಾಳ ಮದುವೆಗೆ, ತಾಯಿ ಬಂಡೆಮ್ಮ, ಸೇಡಂ.

ನಿಮ್ಮ ತಂಗಿಯ ಮದುವೆಗೆ ಅತ್ತೆಯವರು ಕೊಟ್ಟ ಪರಾತ. ಆ ಅಕ್ಷರಗಳನ್ನು ಕೆತ್ತಿಸುವಾಗ ಅಂಗಡಿಯಲ್ಲಿ ಅವರ ಪಕ್ಕ ನಾನೇ ಕೂತಿದ್ದೆ. ಎಲ್ಲಿಂದ ಬಂತು ಎಂದು ಮುದುಕಪ್ಪನನ್ನು ಕೇಳಿದೆ. "ಪಟಾನ್‌ಚೆರು ಸೈಡ್ ಕಾ ಮಾಲ್ ಹೈ ಅಮ್ಮಾ. ಏಕ್ ಔರತ್ ಖುದ್ ಲಾ ಕೋ ದೀ. ಪೈಸೇ ಲೇ ಕೋ ಭೀ ವಹೀಂಚ್ ಖಡೀ ಥೀ" ಎಂದ. ಒಬ್ಬ ಹೆಂಗಸು ತಾನೇ ತಂದು ಮಾರಿದಳಂತೆ, ಹಣ ಕೈಗೆ ಬಂದ ಮೇಲೂ ಅಲ್ಲೇ ನಿಂತಿದ್ದಳಂತೆ. ನಾನು ಮತ್ತೆ ಚೌಕಾಶಿ ಮಾಡಲಿಲ್ಲ. ಅವನು ಮೊದಲು ಹೇಳಿದ್ದನ್ನೇ ಕೊಟ್ಟೆ. ಅವನಿಗೆ ಆಶ್ಚರ್ಯವಾಯಿತು, ಒಂದು ನಲ್ಲಿಯನ್ನು ಮೇಲೆ ಹಾಕಿಕೊಟ್ಟ.

ನೀವೂ ನೇತ್ರಾಳ ಗಂಡ ದೀಪಕ ಅವರೂ ಮಾತು ಬಿಟ್ಟದ್ದು ಯುಗಾದಿಯ ಹೊತ್ತಿಗೆ. ಕಾರ್ಮಿಕರನ್ನು ಕಾರ್ಖಾನೆಗೆ ಕರೆದೊಯ್ಯುವ ಬಸ್ಸಿನ ಡ್ರೈವರ್ ಕೆಲಸವನ್ನು ನೀವು ಗುತ್ತಿಗೆದಾರ ಬಸವರಾಜ ಅವರಿಗೆ ಮಾತು ಕೊಟ್ಟು ದೀಪಕ ಅವರಿಗೆ ಕೊಡಿಸಿದ್ದಿರಿ. ಇವರು ಒಂದು ಬೆಳಿಗ್ಗೆ ಕೀಲಿಕೈ ಇಟ್ಟು ಬಂದುಬಿಟ್ಟರು, ಕಾರಣ ಕೇಳಿದರೆ ಮನಸ್ಸಿಲ್ಲ ಎಂದರು. "ನನ್ನ ಮಾತಿಗೆ ಕವಡಿ ಕಿಮ್ಮತ್ತಿಲ್ಲದಂಗ ಮಾಡಿದ" ಎಂದು ನೀವು ಊಟ ಬಿಟ್ಟು ಎದ್ದಿರಿ. ಆಮೇಲೆ ನೇತ್ರಾ ಫೋನ್ ಮಾಡುವುದನ್ನು ನಿಲ್ಲಿಸಿದಳು. ನೀವು ಛತ್ತೀಸಗಡದ ಸೈಟಿಗೆ ಹೋದಿರಿ.

ಪರಾತ ಸಿಕ್ಕ ಮರುದಿನ, ಸೋಮವಾರ, ಲಹರಿಯನ್ನು ಕಾಲೇಜಿಗೆ ಕಳಿಸಿ, ಪರಾತಕ್ಕೆ ಹಳೆಯ ಚಾದರ ಸುತ್ತಿ ಚೀಲದಲ್ಲಿಟ್ಟುಕೊಂಡು ಪಟಾನ್‌ಚೆರು ಬಸ್ಸು ಹತ್ತಿದೆ. ನೇತ್ರಾ ಮತ್ತು ದೀಪಕ ಅವರು ಮನೆ ಬದಲಿಸಿದ್ದರು. ಹಳೆಯ ಮನೆಯ ಮಾಲಕಿ ಹೊಸ ವಿಳಾಸ ಹೇಳಿದಳು. ಸಂತೆ ಮೈದಾನದ ಹಿಂದೆ ತಗಡಿನ ಮಾಡಿನ ಒಂದೇ ಕೋಣೆ. ಬಾಗಿಲು ಬಡಿದು, ಪಕ್ಕಕ್ಕೆ ಸರಿದು ಚಪ್ಪಲಿ ಬಿಡುತ್ತಿದ್ದೆ. ದೀಪಕ ಅವರು ಬಾಗಿಲು ತೆಗೆದು, ನಾನಿದ್ದ ಕಡೆ ತಿರುಗಲೇ ಇಲ್ಲ. ನೆಟ್ಟಗೆ ಎದುರಿನ ಖಾಲಿ ಅಂಗಳ ನೋಡುತ್ತ "ಯಾರು?" ಎಂದರು. ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ನಿಂತಿದ್ದೆ. ನಿಮ್ಮ ಮೇಲಿನ ಸಿಟ್ಟು ನನ್ನ ಮೇಲೆ ತೀರಿಸುತ್ತಿದ್ದಾರೆ ಅಂದುಕೊಂಡೆ. "ನಾನು" ಎಂದೆ. ಆಗ ಮುಖವನ್ನು ನಿಧಾನವಾಗಿ ತಿರುಗಿಸುತ್ತ, ಹುಡುಕುತ್ತ ಬಂದು ನನ್ನ ಮೇಲೆ ನಿಲ್ಲಿಸಿದರು. "ಅಕ್ಕಾರ! ಬರ್ರಿ, ಒಳಗ ಬರ್ರಿ" ಎಂದರು. ಒಳಗೆ ಹೋಗುವಾಗ ಒಂದು ಕೈ ಗೋಡೆಯ ಮೇಲೇ ಇತ್ತು, ಆದರೂ ಬಕೆಟ್ಟಿಗೆ ಎಡವಿದರು.

ನೇತ್ರಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಲ್ಲಿ ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಕಡೆಯ ಮಂದಿ ಭಾಳ ಇದ್ದಾರೆ, ಅವರಿಗೆ ಅನ್ನ ಸೇರುವುದಿಲ್ಲ, ಜೋಳದ ರೊಟ್ಟಿ ಬೇಕು. ಅವರಿಗೆ ಮಾಡಿ ಕೊಡುತ್ತಾಳೆ. ಹಿಟ್ಟು ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿತ್ತು. ನಾನು ಚಾದರ ಬಿಚ್ಚಿದೆ. ಅವಳು ಪರಾತವನ್ನು ನೋಡಿದಳು, ಗಂಡನ ಕಡೆ ನೋಡಿದಳು, ತುಟಿಯ ಮೇಲೆ ಬೆರಳಿಟ್ಟಳು. ಮಾರಿದ್ದು ಅವರಿಗೆ ಗೊತ್ತಿರಲಿಲ್ಲ. ಹಾಲು ತರುವ ನೆಪದಲ್ಲಿ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ, ಗೋಡೆಗೆ ಒರಗಿ ನಿಂತು ಹೇಳಿದಳು. "ವೈನಿ, ಅವರ ಕಣ್ಣು ಹೊಂಟಾವ. ಮುಂದಿಂದು ಅಷ್ಟ ಕಾಣ್ತೈತಿ, ಬಾಜೂಕಿಂದೇನೂ ಕಾಣಾಂಗಿಲ್ಲ. ಪೈಪಿನ್ಯಾಗಿಂದ ನೋಡಿದಂಗ ಅಂತಾರ. ಪರಾತ ಮಾರಿ ಒಮ್ಮೆ ಪ್ರೈವೇಟ್ ಡಾಕ್ಟರಿಗೆ ತೋರಿಸೇನಿ. ಕಣ್ಣಿನ ಪ್ರೆಶರ್ ಅಂತ. ಹಿಟ್ಟು ನಾದಾಕ ಟಬ್ಬೂ ನಡೀತೈತಿ ಬಿಡ್ರಿ." ಅಳಲಿಲ್ಲ. ಸೆರಗಿನಿಂದ ಕೈಯ ಹಿಟ್ಟು ಒರೆಸಿಕೊಂಡಳು, ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಂಡಳು.

ಕೆಲಸ ಬಿಟ್ಟದ್ದು ಯಾಕೆಂದು ಅವಳೇ ಹೇಳಿದಳು. ಒಂದು ಸಂಜೆ ಶಿಫ್ಟು ಮುಗಿಸಿದವರನ್ನು ತುಂಬಿಕೊಂಡು ಬರುವಾಗ ತಿರುವಿನಲ್ಲಿ ಒಬ್ಬ ಹೆಂಗಸು ರಸ್ತೆ ದಾಟುತ್ತಿದ್ದಳು, ಸೊಂಟದ ಮೇಲೆ ಕೂಸು. ಬಸ್ಸಿನವರೆಲ್ಲ ಕೂಗಿದರು. ಡ್ರೈವರಿಗೆ ಮಾತ್ರ ಅವಳು ಕಂಡಿರಲಿಲ್ಲ. ಕೂಗು ಕೇಳಿಯೇ ಬ್ರೇಕು ಹಾಕಿದರು. ಅವಳಿಗೂ ಕೂಸಿಗೂ ಏನೂ ಆಗಲಿಲ್ಲ, ಬೈದು ಹೋದಳಂತೆ. ಎಲ್ಲರನ್ನೂ ಅಲ್ಲೇ ಇಳಿಸಿ, ಬಸ್ಸನ್ನು ಬೇರೆ ಡ್ರೈವರನ ಕೈಗೆ ಒಪ್ಪಿಸಿ ನಡೆದು ಮನೆಗೆ ಬಂದರಂತೆ. ಮರುದಿನ ಕೀಲಿಕೈ ಕೊಟ್ಟರು.

ನಾನು ಪರಾತವನ್ನು ಬಿಟ್ಟು ಬರಬೇಕೆಂದೇ ಹೋದವಳು. ನೇತ್ರಾ ಇಟ್ಟುಕೊಳ್ಳಲಿಲ್ಲ. "ನೀವ ಇಟ್ಕೊರಿ ವೈನಿ. ನಮ್ಮನ್ಯಾಗಿದ್ರ ಮತ್ತ ಹೋಗೂದೈತಿ" ಎಂದಳು. ಹಾಗಾಗಿ ಅದು ನಮ್ಮ ಮನೆಯಲ್ಲಿದೆ, ನಾನು ಅದರಲ್ಲೇ ಹಿಟ್ಟು ನಾದುತ್ತಿದ್ದೇನೆ.

ಅದರ ಮುಂದಿನ ವಾರ ದೀಪಕ ಅವರನ್ನು ಧರ್ಮದ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಬರುವುದಿಲ್ಲ ಎಂದು ಹಟ ಹಿಡಿದಿದ್ದರು. ರೊಟ್ಟಿಯ ಗಿರಾಕಿ ಬಿಟ್ಟು ನೇತ್ರಾ ಬರುವಂತಿರಲಿಲ್ಲ. ನನಗೂ ಕಣ್ಣು ತೋರಿಸುವುದಿದೆ, ಒಬ್ಬಳೇ ಹೋಗಲು ಹೆದರಿಕೆ ಎಂದು ಸುಳ್ಳು ಹೇಳಿದೆ. ನನಗೆ ಹೆದರಿಕೆ ಎಂದರೆ ನೀವಾದರೆ ನಂಬುತ್ತಿರಲಿಲ್ಲ, ಅವರು ನಂಬಿದರು. ಅಲ್ಲಿ ಸಾಲಿನಲ್ಲಿ ಕೂತು ಕಾಯುವುದೇ ಕೆಲಸ. ಬುತ್ತಿ ಕಟ್ಟಿಕೊಂಡು ಹೋಗಿದ್ದೆ, ಕ್ಯಾಂಟೀನಿನ ಚಹಾ ನೀರು. ಸಾಲಿನಲ್ಲಿ ಕೂತಾಗ ನಾನು ಕೇಳಿದೆ: ಕಣ್ಣಿನ ವಿಷಯ ಅಂದೇ ಹೇಳಿದ್ದರೆ ನಿಮ್ಮ ಅಣ್ಣಾರು ಏನಾದರೂ ದಾರಿ ನೋಡುತ್ತಿರಲಿಲ್ಲವೇ? ಅವರು ಹೇಳಿದ ಮಾತನ್ನು ಇದ್ದ ಹಾಗೆಯೇ ಬರೆಯುತ್ತೇನೆ. "ಅಣ್ಣಾರು ನನ್ನ ಸಲುವಾಗಿ ಮಾತ ಕೊಟ್ಟಿದ್ರು. ಕಣ್ಣ ಕಾಣಲಾರದವನ್ನ ತಂದು ಸ್ಟೇರಿಂಗ್ ಮ್ಯಾಲೆ ಕುಂದ್ರಿಸಿದ್ರು ಅಂತ ಮಂದಿ ಅವರಿಗೆ ಅನಬಾರದು. ಮೈಗಳ್ಳ ಇದ್ದ, ಬಿಟ್ಟು ಹೋದ ಅಂದ್ರ ಅದು ನನ್ನ ಮ್ಯಾಲೆ ಬರ್ತದ. ಅಷ್ಟ ಆಗ್ಲಿ ಅಂದೆ." ನಮ್ಮ ನಂಬರು ಕರೆದರು, ಎದ್ದು ಒಳಗೆ ಹೋದೆವು.

ಡಾಕ್ಟರ್ ಹೆಣ್ಣುಮಗಳು, ಕನ್ನಡ ಬರದು, ತೆಲುಗಿನಲ್ಲಿ ನಿಧಾನವಾಗಿ ತಿಳಿಯುವ ಹಾಗೆ ಹೇಳಿದಳು. ಹೋದ ನೋಟ ಹೋಯಿತು, ಅದು ತಿರುಗಿ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬಹುದು. ದಿನಾ ಹನಿ ಹಾಕಬೇಕು, ಎಡಗಣ್ಣಿಗೆ ಒಂದು ಆಪರೇಷನ್ ಬೇಕು. ಮತ್ತೆ ಬಸ್ಸು ನಡೆಸುವುದು ಸಾಧ್ಯವಿಲ್ಲ. ದೀಪಕ ಅವರು "ಗೊತ್ತೈತ್ರಿ" ಎಂದು ಕನ್ನಡದಲ್ಲೇ ಅಂದರು. ವಾಪಸು ಬರುವಾಗ ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಸೀಟು ಖಾಲಿಯಿತ್ತು. ಅಲ್ಲಿ ಕೂರಲಿಲ್ಲ, ಹಿಂದೆ ಹೋಗಿ ಕೂತರು.

ನನಗೆ ಬರುವ ವಿದ್ಯೆ ನಿಮಗೆ ಗೊತ್ತೇ ಇದೆ, ಅದನ್ನೇ ಮಾಡಿದೆ. ಬೇಗಂಬಜಾರಿಗೆ ಹೋಗಿ ತೂಕದ ಲೆಕ್ಕದಲ್ಲಿ ದೊಡ್ಡದೊಂದು ಕಬ್ಬಿಣದ ಹಂಚು ತಂದುಕೊಟ್ಟೆ, ಒಮ್ಮೆಗೇ ಎರಡು ರೊಟ್ಟಿ ಹಿಡಿಯುತ್ತದೆ. ನೇತ್ರಾ ಜೋಳವನ್ನು ಓಣಿಯ ಅಂಗಡಿಯಲ್ಲಿ ಕೊಳ್ಳುತ್ತಿದ್ದಳು. ಈಗ ತಾಂಡೂರಿನಿಂದ ಮೂಟೆ ತರಿಸುವವರನ್ನು ಹಿಡಿದುಕೊಟ್ಟಿದ್ದೇನೆ. ಮೂಟೆ ಖಾಲಿಯಾದರೆ ಗೋಣಿಚೀಲವೂ ಉಳಿಯಿತು. ಮೊನ್ನೆ ಹೋದಾಗ ದೀಪಕ ಅವರೇ ಮರದ ಕೊಣಮಿಗೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ. ಹಿಟ್ಟಿನ ಉಂಡೆ ಅಂಗೈ ಕೆಳಗೆ ತಿರುಗುತ್ತ ಅಗಲವಾಗುತ್ತ ಹೋಯಿತು, ಅಂಚು ಎಲ್ಲೂ ಹರಿಯಲಿಲ್ಲ. "ಮೊದಲಿನ ವಾರ ನಾಯಿಗೂ ಹಾಕಾಂಗಿರಲಿಲ್ಲ ವೈನಿ. ಈಗ ಗಿರಾಕಿ ಇವರು ಬಡಿದದ್ದ ಕೇಳ್ತಾರ" ಎಂದಳು ನೇತ್ರಾ. ಅವರು ನಕ್ಕರು, ಕೈ ಮಾತ್ರ ನಿಲ್ಲಿಸಲಿಲ್ಲ. ಒಂದು ರೊಟ್ಟಿ ಅಲ್ಲೇ ತಿಂದೆ. ಅತ್ತೆಯವರ ಕೈಯ ರೊಟ್ಟಿಯಷ್ಟು ತೆಳ್ಳಗಿರಲಿಲ್ಲ, ನನ್ನದಕ್ಕಿಂತ ತೆಳ್ಳಗಿತ್ತು.

ಇಷ್ಟೇ ಸುದ್ದಿ. ಇಲ್ಲಿ ಗಣಪತಿ ಕಳಿಸಿದ್ದಾಯಿತು, ಓಣಿಯಲ್ಲಿ ಡೊಳ್ಳಿನ ಸದ್ದು ಇಳಿದಿದೆ. ಲಿಂಗಣ್ಣನವರು ಇನ್ನೇನು ಬರುತ್ತಾರೆ. ಲಹರಿ ನಮಸ್ಕಾರ ಹೇಳಿದ್ದಾಳೆ, ಜೊತೆಗೆ ಅಲ್ಲಿನ ಕೋಸಾ ರೇಷ್ಮೆ ಅಗ್ಗವೇ ಎಂದು ಕೇಳಿದ್ದಾಳೆ. ನನ್ನ ಮಗಳೇ ಸರಿ. ದಸರೆಗೆ ರಜೆ ಸಿಕ್ಕರೆ ಬನ್ನಿ, ಸಿಗದಿದ್ದರೆ ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿಮ್ಮ ಮೈಮನಸ್ಸು ನೆಟ್ಟಗಿರಲಿ ಎಂದು ಶರಣಬಸಪ್ಪನಲ್ಲಿ ಬೇಡಿಕೊಳ್ಳುತ್ತೇನೆ.

ನಿಮ್ಮ,
ರೇಣುಕಾ

ತಾ.ಕ.: ಲಿಂಗಣ್ಣನವರು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬೇಗ ಬರೆಯುತ್ತಿದ್ದೇನೆ. ಆಪರೇಷನ್ ಬರುವ ಸೋಮವಾರ ಅಲ್ಲ, ಅದರ ಮುಂದಿನ ಸೋಮವಾರ. ಕಣ್ಣಿನ ವಿಷಯ ನಿಮಗೆ ತಿಳಿಸುವುದಿಲ್ಲವೆಂದು ದೀಪಕ ಅವರು ನನ್ನಿಂದ ಮಾತು ತೆಗೆದುಕೊಂಡಿದ್ದರು. ಅದನ್ನು ಮುರಿದಿದ್ದೇನೆ, ಆದ್ದರಿಂದ ಅವರ ಮುಂದೆ ನಿಮಗೆ ಏನೂ ಗೊತ್ತಿಲ್ಲ. ಆಪರೇಷನ್ನಿನ ಸೋಮವಾರಕ್ಕೆ ಮೊದಲು ಅವರಿಗೆ ಫೋನ್ ಮಾಡಿ, ಕೆಲಸ ಯಾಕೆ ಬಿಟ್ಟೆ ಎಂದು ಕೇಳಿ. ಯುಗಾದಿಯಂದು ನೀವು ಅದೇ ಮಾತು ಬಾಗಿಲಲ್ಲಿ ನಿಂತು ಕೂಗಿದ್ದಿರಿ, ಆದರೆ ಅದು ಬೈಗುಳವಾಗಿತ್ತು. ಈ ಸಲ ಕೇಳಿ.